ಗುರುಸಿದ್ಧಪ್ಪನ ನಾಲ್ಕು ಸೆಕೆಂಡು

ಮಿರಜಿನಲ್ಲಿ ಡಾಕ್ಟರರಿಗೆ ಬರವಿಲ್ಲ, ಡಾಕ್ಟರರ ಬಾಗಿಲಲ್ಲಿ ಕಾಯುವವರಿಗಂತೂ ಮೊದಲೇ ಇಲ್ಲ. ಆ ಬಾಗಿಲುಗಳ ಮೇಲೆ ಕೆಂಪು ಅಂಕಿಯಲ್ಲಿ ಪಾಳಿ ನಂಬರು ತೋರಿಸುವ ಬೋರ್ಡುಗಳಿರುತ್ತವಲ್ಲ, ಅವುಗಳಲ್ಲಿ ಬಹಳಷ್ಟು ಗುರುಸಿದ್ಧಪ್ಪನ ಕೈಯಿಂದ ಆದವು. ದಿನವಿಡೀ ಆ ಬೋರ್ಡಿನಲ್ಲೇ ಕಣ್ಣು ನೆಟ್ಟು ಕೂಡುವ ಜನ ಅದನ್ನು ಮಾಡಿದವರು ಯಾರೆಂದು ಎಂದೂ ಕೇಳಿದ್ದಿಲ್ಲ. ಅವನೂ ಹೇಳಿಕೊಂಡು ತಿರುಗಿದವನಲ್ಲ. ಅರವತ್ತೊಂದರ ಈ ಮನುಷ್ಯನಿಗೆ ಮಾತು ಕಡಿಮೆ, ಸಿಟ್ಟು ಅದಕ್ಕಿಂತ ತುಸು ಹೆಚ್ಚು.

ಹುಟ್ಟಿದ್ದು ಸಾಂಗ್ಲಿಯ ಅರಿಷಿಣ ವ್ಯಾಪಾರದ ಮನೆಯಲ್ಲಿ. ಅಪ್ಪ, ಕಾಕಾ, ಇಬ್ಬರು ಅಣ್ಣಂದಿರು, ಎಲ್ಲರೂ ದಲಾಲಿಯ ಅಡತಿ ಅಂಗಡಿಯವರು; ಯಾರ ಅಂಗೈ ಮೂಸಿದರೂ ಅರಿಷಿಣ. ಇವನೊಬ್ಬ ಮಾತ್ರ ಹತ್ತನೆಯ ವಯಸ್ಸಿಗೆ ಅಂಗಡಿಯ ರೇಡಿಯೋ ಬಿಚ್ಚಿ, ಗಾದಿಯ ತುಂಬ ಹರವಿಕೊಂಡು ಕೂತ. ಅಪ್ಪ ಕಪಾಳಕ್ಕೆ ಒಂದು ಬಿಟ್ಟ. ಮರುದಿನ ರೇಡಿಯೋ ಮೊದಲಿಗಿಂತ ಚೆನ್ನಾಗಿ ಹಾಡಿತು, ಆದರೆ ಕೊಟ್ಟ ಪೆಟ್ಟನ್ನು ವಾಪಸು ತೆಗೆದುಕೊಳ್ಳುವುದು ಯಾವ ಅಪ್ಪನಿಗೆ ಬರುತ್ತದೆ? ಮುಂದೆ ಇವನು ಡಿಪ್ಲೊಮಾ ಮುಗಿಸಿ, ಮನೆಯವರೆಲ್ಲ ಮೂಗು ಮುರಿಯುತ್ತಿದ್ದಂತೆಯೇ ಮಿರಜಿಗೆ ಬಂದು ಸ್ವಂತ ಅಂಗಡಿ ಹಾಕಿದ. ಕೆಳಗೆ ಅಂಗಡಿ, ಮೇಲೆ ಮನೆ, ಮಗ್ಗುಲಲ್ಲಿ ಸದಾ ಗುಡುಗುವ ಹಿಟ್ಟಿನ ಗಿರಣಿ.

ಅಪ್ಪನ ಮನೆಯಿಂದ ಅವನು ತಂದದ್ದು ಒಂದೇ, ಮುಂಜಾನೆಯ ಲಿಂಗಪೂಜೆ. ಸವ್ವಾ ಆರಕ್ಕೆ, ಅಂದರೆ ಆರೂಕಾಲಿಗೆ, ಕೂತರೆ ಏಳಕ್ಕೆ ಏಳುವನು. ಇಷ್ಟಲಿಂಗ ಎಡ ಅಂಗೈಯಲ್ಲಿರುವಷ್ಟು ಹೊತ್ತು ಅವನು ಯಾರೊಡನೆಯೂ ಮಾತಾಡುವಂತಿಲ್ಲ, ಅವನನ್ನು ಯಾರೂ ಕೂಗುವಂತಿಲ್ಲ. ಎಂಥಾ ಅವಸರದ ಗಿರಾಕಿ ಬಂದರೂ ಕಟ್ಟೆಯ ಮೇಲೆ ಕೂತು ಕಾಯಬೇಕು. ಅಪ್ಪನ ಮನೆಯಲ್ಲಿ ಹಾಗೆ ನಡೆದಿತ್ತು, ಇಲ್ಲೂ ಹಾಗೇ ನಡೆಯಿತು.

ಹೆಂಡತಿ ಬಾಳವ್ವ ಮ್ಹೈಸಾಳದವಳು. ಇವನಿಗಿಲ್ಲದ ಮಾತೆಲ್ಲ ಅವಳಲ್ಲಿತ್ತು. ಮಕ್ಕಳಾಗಲಿಲ್ಲ; ಆ ಕೊರಗನ್ನೂ ಅವಳು ಓಣಿಯ ಹೆಂಗಸರ ಜೊತೆ ಮಾತಾಡಿ ಮಾತಾಡಿಯೇ ಹಗುರ ಮಾಡಿಕೊಂಡಳು. ಮೆಟ್ಟಿಲ ತುದಿಗೆ ನಿಂತು, ಗಿರಣಿಯ ಸದ್ದನ್ನು ಮೀರಿಸಿ, “ಏನ್ರೀ, ಕೇಳಸ್ತೈತೇನು?” ಎಂದು ದಿನಕ್ಕೆ ಇಪ್ಪತ್ತು ಸಲ ಕೂಗುವಳು. ಕೇಳಿಸಿದರೂ ಕೇಳಿಸದವನ ಹಾಗೆ ಇವನು ಬೆಸುಗೆ ಹಾಕುತ್ತ ಕೂತಿರುವನು. ಮೂರನೆಯ ಕೂಗಿಗೆ, “ಬಂದೆ, ತಡಿ,” ಎಂದು ಗೊಣಗುವನು. ಮೂವತ್ತು ವರ್ಷ ಅವರ ಸಂಸಾರ ಹೀಗೆ ಕೂಗು ಮತ್ತು ಗೊಣಗಾಟದಲ್ಲಿ ಸುಖವಾಗಿಯೇ ಸಾಗಿತು.

ಆಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ನಿಂತಿತು. ಕಿವಿ, ಬುದ್ಧಿ, ಎಡಗೈ, ಇಷ್ಟು ಉಳಿದವು. ಬಾಳವ್ವನ ದನಿಯಿಲ್ಲದ ಆ ಮನೆಯಲ್ಲಿ ಗಿರಣಿಯ ಸದ್ದು ಎಷ್ಟು ದೊಡ್ಡದೆಂದು ಗುರುಸಿದ್ಧಪ್ಪನಿಗೆ ಮೊದಲ ಸಲ ಗೊತ್ತಾಯಿತು.

ಅವನು ಅವಳ ಎಡಗೈ ಕೆಳಗೆ ಒಂದು ಗುಂಡಿ ಇಟ್ಟ. ಮೊದಲು ಗಂಟೆ ಜೋಡಿಸಿದ, ಗಿರಣಿಯ ಅಬ್ಬರದಲ್ಲಿ ಅದು ಕೇಳಿಸಲಿಲ್ಲ. ಆಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪರದೆಯೊಂದನ್ನು ಮಾಡಿ ಕೊರಳಿಗೆ ಕಟ್ಟಿಕೊಂಡ. ಸುಮ್ಮನಿರುವಾಗ ಅದು ಗಡಿಯಾರ ತೋರಿಸುವುದು. ಅವಳು ಒಂದು ಸಲ ಒತ್ತಿದರೆ ‘ನೀರು’ ಎಂದು ಮೂಡುವುದು, ಎರಡು ಸಲಕ್ಕೆ ‘ಮಗ್ಗಲು’, ಎಂದರೆ ಹೊರಳಿಸಬೇಕು, ಮೂರು ಸಲಕ್ಕೆ ‘ಬಾ’. ಹತ್ತು ಸೆಕೆಂಡು ನಿಂತು ಮತ್ತೆ ಗಡಿಯಾರ. ಬಾಳವ್ವ ಹೆಚ್ಚಾಗಿ ಒತ್ತಿದ್ದು ಮೂರು ಸಲವೇ. ಇವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹೋದರೆ ಏನೂ ಇರುತ್ತಿರಲಿಲ್ಲ. ಅವಳು ಸುಮ್ಮನೆ ಇವನ ಮುಖ ನೋಡುವಳು. “ಕೆಲಸಾ ಬಿಟ್ಟ ಬಂದೇನಿ, ಗೊತ್ತೈತಿಲ್ಲೊ?” ಎಂದು ಬೈದು, ಬೈದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತು, ಕೆಳಗಿಳಿಯುವನು.

ಒಂದೇ ತೊಡಕಿತ್ತು. ಅವಳು ಒತ್ತುವುದಕ್ಕೂ ಪರದೆಯಲ್ಲಿ ಅಕ್ಷರ ಮೂಡುವುದಕ್ಕೂ ಹೆಚ್ಚುಕಡಿಮೆ ನಾಲ್ಕು ಸೆಕೆಂಡಿನ ಅಂತರ. ಗಡಿಯಾರ ತೋರಿಸುತ್ತಿದೆಯೆಂದ ಮಾತ್ರಕ್ಕೆ ಪರದೆ ಎಚ್ಚರವಾಗಿದೆ ಎಂದಲ್ಲ. ಬ್ಯಾಟರಿ ಉಳಿಯಲೆಂದು ಒಳಗಿನ ಚಿಪ್ಪು ಕಣ್ಣು ತೆರೆದೇ ನಿದ್ದೆ ಹೊಡೆಯುತ್ತದೆ, ನಾಲ್ಕು ಸೆಕೆಂಡಿಗೊಮ್ಮೆ ಎದ್ದು ಯಾರಾದರೂ ಕರೆದರೇ ಎಂದು ನೋಡಿ ಮತ್ತೆ ಮಲಗುತ್ತದೆ. ಅಷ್ಟೇನು ದೊಡ್ಡ ತಡವಲ್ಲ ಎನ್ನಬಹುದು. ಆದರೆ ಬಾಳವ್ವ ಇವನನ್ನು ನೋಡಿದಾಗಲೆಲ್ಲ ಎಡಗೈಯ ನಾಲ್ಕು ಬೆರಳೆತ್ತಿ ತೋರಿಸಿ ಮುಖ ಗಂಟಿಕ್ಕುವಳು. ತಡ ಎಲ್ಲಿ ಆಗುತ್ತದೆಂದು ಹಿಡಿಯಲು ಇವನು ಅವಳ ಗುಂಡಿಯ ಡಬ್ಬಿಯೊಳಗೆ ಒಂದು ನೆನಪಿನ ಚಿಪ್ಪು ಹಾಕಿದ. ಅವಳು ಯಾವಾಗ ಒತ್ತಿದಳು, ಪರದೆ ಯಾವಾಗ ಮೂಡಿತು, ಎರಡೂ ಅದರಲ್ಲಿ ದಾಖಲಾಗುತ್ತಿದ್ದವು. ಬಿಡುವಾದಾಗ ಓದಿದರಾಯಿತು ಎಂದುಕೊಂಡ. ಬಿಡುವಾಗಲಿಲ್ಲ.

ಏಳು ತಿಂಗಳು ಹೀಗೆ ಕಳೆದವು. ಒಂದು ಮುಂಜಾನೆ ಎಂದಿನಂತೆ ಅವಳಿಗೆ ನೀರು ಕುಡಿಸಿ, ಕೆಳಗಿಳಿದು ಬಂದು ಪೂಜೆಗೆ ಕೂತ. ಕೊರಳ ಪರದೆಯನ್ನು ಬಿಚ್ಚಿ ಎದುರಿನ ಗೂಡಿನಲ್ಲಿ, ತನ್ನ ಕಡೆಗೇ ಮುಖ ಮಾಡಿ ಇಟ್ಟಿದ್ದ. ಪೂಜೆ ಮುಗಿಸಿ ಕಣ್ಣೆತ್ತಿದಾಗ ಪರದೆ ಏಳು ಗಂಟೆ ತೋರಿಸುತ್ತಿತ್ತು, ಬೇರೇನೂ ಇರಲಿಲ್ಲ. ಅವಳ ಪೂಜೆಯ ಹೊತ್ತದು. ಅವಳ ಲಿಂಗವನ್ನು ಅವಳ ಅಂಗೈಯಲ್ಲಿಟ್ಟು, ಕೆಳಗಿನಿಂದ ತನ್ನ ಕೈ ಕೊಟ್ಟು ಹಿಡಿಯುವುದು ಅವನ ದಿನದ ಪದ್ಧತಿಯಾಗಿತ್ತು. ಮೇಲೆ ಹೋದ. ಬಾಳವ್ವ ತೀರಿಕೊಂಡಿದ್ದಳು. ಎಡಗೈ ಗುಂಡಿಯ ಮೇಲಿತ್ತು.

ಆ ಕೈಯನ್ನು ನೋಡಿದ ಕ್ಷಣ ಗುರುಸಿದ್ಧಪ್ಪ ಒಂದು ತೀರ್ಮಾನಕ್ಕೆ ಬಂದ. ಅವಳು ಒತ್ತಿದ್ದಳು, ಪರದೆ ಮಲಗಿತ್ತು. ಅಥವಾ ತಡವಾಗಿ ಎದ್ದು, ಹತ್ತು ಸೆಕೆಂಡು ‘ಬಾ’ ಎಂದು ತೋರಿಸಿ, ಇವನ ಕಣ್ಣು ಲಿಂಗದ ಮೇಲಿದ್ದಾಗಲೇ ಅಳಿಸಿಹೋಗಿತ್ತು. ಹೇಗೇ ಆಗಲಿ, ತಾನು ಮಾಡಿದ ಯಂತ್ರ ಅವಳ ಕಡೆಯ ಕರೆಯನ್ನು ನುಂಗಿತ್ತು. ನಿಜ ತಿಳಿಯಬೇಕೆಂದರೆ ಡಬ್ಬಿಯ ಚಿಪ್ಪು ಓದಿದರೆ ಸಾಕಿತ್ತು. ಅದಕ್ಕೆ ಧೈರ್ಯವಾಗಲಿಲ್ಲ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಗೆ ಹಾಕಿದ. ಯಾರಿಗೂ ಹೇಳಲಿಲ್ಲ. ಹೇಳಲು ಮನೆಯಲ್ಲಿ ಇದ್ದವರಾದರೂ ಯಾರು?

ಅಲ್ಲಿಂದ ಏಳು ವರ್ಷ ಅವನು ಆ ನಾಲ್ಕು ಸೆಕೆಂಡಿನ ಬೆನ್ನು ಹತ್ತಿದ. ಊಟ ಖಾನಾವಳಿಯಿಂದ ಡಬ್ಬಿಯಲ್ಲಿ ಬರುತ್ತಿತ್ತು, ಎಷ್ಟೋ ಸಲ ತೆರೆಯದೆ ಹಾಗೇ ವಾಪಸು ಹೋಗುತ್ತಿತ್ತು. ಬಾಳವ್ವನ ಹಾಸಿಗೆಯನ್ನು ತೆಗೆಯಲಿಲ್ಲ. ಅದರ ಮೇಲೊಂದು ಗುಂಡಿಯಿಟ್ಟು, ತಾನೇ ಒತ್ತುವ ಹಾಗೆ ಸಣ್ಣ ಮೋಟಾರು ಕೂಡಿಸಿದ. ಕೆಳಗೆ ಕೂತು ಪರದೆ ನೋಡುವನು. ಯಾರೂ ಇಲ್ಲದ ಹಾಸಿಗೆಯಿಂದ ದಿನಕ್ಕೆ ಸಾವಿರ ಸಲ ‘ಬಾ’, ‘ಬಾ’ ಎಂದು ಬರುವುದು. ಮೊದಮೊದಲು ಪ್ರತಿ ಸಲವೂ ಎದ್ದು ಮೆಟ್ಟಿಲ ಕಡೆಗೆ ಹೊರಡುತ್ತಿದ್ದ. ಕ್ರಮೇಣ ಅದಕ್ಕೂ ಒಗ್ಗಿಕೊಂಡ. ಒಗ್ಗಿಕೊಂಡೆನಲ್ಲ ಎಂದು ಒಂದು ಸಂಜೆ ಒಬ್ಬನೇ ಕೂತು ಅತ್ತ.

ಕೆಲಸ ಮಾತ್ರ ಸಾಗಿತು. ಚಿಪ್ಪು ಬಹಳ ಹೊತ್ತಿಗೊಮ್ಮೆ ದೀರ್ಘವಾಗಿ ಏಳುವ ಬದಲು, ಸೆಕೆಂಡಿಗೆ ಹತ್ತು ಸಲ ರೆಪ್ಪೆ ಬಡಿದಷ್ಟು ಹೊತ್ತು ಎದ್ದು ಮಲಗುವಂತೆ ಕಲಿಸಿದ. ಇಡೀ ಪರದೆ ಅಳಿಸಿ ಬರೆಯುವುದನ್ನು ಬಿಟ್ಟು, ಬದಲಾಗುವ ಜಾಗವನ್ನಷ್ಟೇ ಬರೆಯುವ ಹಾಗೆ ಮಾಡಿದ. ಅಕ್ಷರಗಳನ್ನು ಮೊದಲೇ ಬಿಡಿಸಿ ಒಳಗೆ ತಯಾರಿಟ್ಟ. ನಾಲ್ಕು ಸೆಕೆಂಡು ಎರಡಾಯಿತು, ಎರಡು ಅರ್ಧಕ್ಕೆ ಬಂತು, ಕೊನೆಗೆ ಬೆರಳು ಗುಂಡಿಯಿಂದ ಮೇಲೇಳುವುದರೊಳಗೆ ಅಕ್ಷರ ಮೂಡತೊಡಗಿತು. ಕೊರಳಿಗೆ ಹಾಕಿಕೊಂಡವರು ನೋಡಿ ಪರದೆಯನ್ನು ಒತ್ತುವವರೆಗೆ ಅದು ಅಳಿಯುತ್ತಲೂ ಇರಲಿಲ್ಲ. ಹಾಸಿಗೆ ಹಿಡಿದವರಿರುವ ಮನೆಗಳಿಗೆ ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಗುಂಡಿ, ಪರದೆ ಕೂಡಿದ ಸೆಟ್ಟು ಕೊಡುವಾಗ ಗುರುಸಿದ್ಧಪ್ಪ ಹೇಳುತ್ತಿದ್ದುದು ಒಂದೇ ಮಾತು: “ಇದು ತಡಾ ಮಾಡಂಗಿಲ್ಲ.”

ಈ ವರ್ಷ ಒಂದು ರವಿವಾರ ಮಧ್ಯಾಹ್ನ ದೀಪಾಲಿ ಬಂದಳು. ಸಾಂಗ್ಲಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು, ಅಲ್ಲಿಯದೇ ವ್ಯಾಪಾರಿ ಮನೆತನದ ಹುಡುಗಿ. ಅವಳ ಅಜ್ಜಿಯ ಮಂಚಕ್ಕೆ ಇವನ ಸೆಟ್ಟು ಬಂದಿತ್ತು. ಕುತೂಹಲಕ್ಕೆ ಅಳೆದು ನೋಡಿದ್ದಳು, ದೊಡ್ಡ ಕಂಪನಿಗಳ ಪರದೆಗಿಂತ ಇದು ಚುರುಕಾಗಿತ್ತು. ಅದರ ಮೇಲೆ ಲೇಖನ ಬರೆಯಬೇಕೆಂದು ಲ್ಯಾಪ್‌ಟಾಪು ಹಿಡಿದೇ ಬಂದಿದ್ದಳು.

“ಕಾಕಾ, ನಂದು ಕನ್ನಡಾ ಜರಾ ಕಚ್ಚಾ ಅದ, ಸಾಂಭಾಳಸ್ಕೋರಿ,” ಎಂದು ನಕ್ಕಳು. “ಹೊಸಾದು ಎಷ್ಟು ಜಲ್ದಿ ಅದ ಅಂತ ನಾ ಅಳದೇನಿ. ಹಳೇದು ಎಷ್ಟು ತಡಾ ಮಾಡ್ತಿತ್ತು?”

“ನಾಲ್ಕು ಸೆಕೆಂಡು.”

“ಬಾಯಿಲೇ ಹೇಳಿದ್ರ ನಡ್ಯಾಂಗಿಲ್ಲ ಕಾಕಾ. ಪುರಾವಾ ಬೇಕು.”

ಗುರುಸಿದ್ಧಪ್ಪ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟ. ಏಳು ವರ್ಷ ಒಬ್ಬನೇ ಹೊತ್ತದ್ದು ಸಾಕಾಗಿತ್ತು. ಇನ್ನೊಬ್ಬರು ಎದುರಿಗಿದ್ದಾಗಲೇ ಕೇಳಿಬಿಡೋಣ ಎನಿಸಿತು. ಸ್ಟೂಲು ಹತ್ತಿ ಬಟ್ಟೆಯ ಗಂಟನ್ನು ಇಳಿಸಿ ಅವಳ ಮುಂದಿಟ್ಟ.

“ಕಡೀ ದಿನದ್ದು ಮೊದಲ ಓದವಾ,” ಎಂದ. “ಆ ದಿನ ನನ್ನ ಹೇಣ್ತಿ ತೀರಿಕೊಂಡ್ಳು. ಅಕಿ ಒತ್ತಿದ್ಳೋ ಇಲ್ಲೋ, ಅದಷ್ಟು ಹೇಳು.”

ದೀಪಾಲಿಯ ಮುಖದ ನಗು ಮಾಯವಾಯಿತು. ಡಬ್ಬಿಗೆ ತಂತಿ ಜೋಡಿಸಿದಳು. ಅಂಕಿಗಳು ಸಾಲುಸಾಲಾಗಿ ಇಳಿದವು. ಗುರುಸಿದ್ಧಪ್ಪ ಆ ಕಡೆ ನೋಡದೆ ರಸ್ತೆಯನ್ನು ನೋಡುತ್ತ ನಿಂತ.

“ಐದು ಐವತ್ತಕ್ಕ ಒಮ್ಮೆ ಒತ್ಯಾರ. ನೀರು. ಮೂರೂವರಿ ಸೆಕೆಂಡಿಗೆ ಪರದಾ ಮ್ಯಾಲೆ ಬಂದದ,” ಎಂದಳು ಮೆಲ್ಲಗೆ. “ಅಷ್ಟ ಕಾಕಾ. ಮುಂದ ಏನೂ ಇಲ್ಲ.”

“ಸರಿ ನೋಡು.”

“ಎರಡು ಸಲಾ ನೋಡೇನಿ. ಅವರು ಒತ್ತಿಲ್ಲ.”

ಗುರುಸಿದ್ಧಪ್ಪ ಬೆಂಚಿನ ಮೇಲೆ ಕೂತ. ಒತ್ತಿಲ್ಲ! ಯಂತ್ರದ ತಪ್ಪಿರಲಿಲ್ಲ. ತನ್ನ ಕೈ ಅವಳಿಗೆ ಮೋಸ ಮಾಡಿರಲಿಲ್ಲ. ನಿದ್ದೆಯಲ್ಲೇ ನೋವಿಲ್ಲದೆ ಹೋದಳೇನೋ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಬಹಳ ದಿನದ ಮೇಲೆ ಅವನಿಗೆ ಯಾರಿಗಾದರೂ ಉಪಚಾರ ಮಾಡಬೇಕೆನಿಸಿತು. “ಚಹಾ ತರಸ್ತೇನಿ ತಡಿ. ಭಜೀ ತಿಂತೀಯೇನು?” ಎಂದು ಎದ್ದ.

ದೀಪಾಲಿ ಇನ್ನೂ ಪಟ್ಟಿ ನೋಡುತ್ತಿದ್ದಳು. ಲೆಕ್ಕದ ಹುಡುಗಿ, ಅಂಕಿ ಕಂಡರೆ ಬಿಡುವವಳಲ್ಲ. “ಕಾಕಾ, ಇದೊಂದು ಮಜಾ ಅದ,” ಎಂದಳು. “ದಿವಸಕ್ಕ ಮೂವತ್ತು ನಾಲ್ವತ್ತು ಸಲಾ ಒತ್ಯಾರ. ಆದ್ರ ಮುಂಜಾನೆ ಸವ್ವಾ ಆರರಿಂದ ಏಳರ ತನಕಾ ಒಂದೂ ಇಲ್ಲ. ಏಳು ತಿಂಗಳದಾಗ ಒಂದು ದಿವಸಾನೂ ಇಲ್ಲ. ಆ ವ್ಯಾಳ್ಯಾಕ್ಕ ಸೆಟ್ ಬಂದ್ ಇಡ್ತಿದ್ರೇನು?”

“ಇಲ್ಲ. ಚಾಲೂನ ಇರ್ತಿತ್ತು.”

“ಏಳಕ್ಕ ಮಾತ್ರ ಪಕ್ಕಾ ಅದ ನೋಡ್ರಿ. ಏಳು ಹೊಡದು ಅರ್ಧಾ ಮಿನಿಟಿಗೆ, ಒಂದು ಮಿನಿಟಿಗೆ. ನೀರು, ನೀರು, ಮಗ್ಗಲು, ನೀರು. ದಿನಾ. ಯಾವಾಗ ಏಳ ಆದೀತು ಅಂತ ಹಾದಿ ನೋಡಿ ಒತ್ತಿದಂಗ…”

ಅಲ್ಲಿಗೆ ಅವಳು ತಲೆಯೆತ್ತಿ ಅವನ ಮುಖ ನೋಡಿ ನಿಲ್ಲಿಸಿದಳು. ಚಹಾ ಹೇಳಲು ಹೊರಟಿದ್ದ ಗುರುಸಿದ್ಧಪ್ಪ ಬಾಗಿಲಲ್ಲೇ ನಿಂತಿದ್ದ.

“ಪೂಜಾಕ್ಕ ಕುಂದರತಿದ್ದೆ,” ಎಂದ. “ಆ ಹೊತ್ತಿಗಿ ನನ್ನ ಕರೀಬಾರದು.”

ಬಾಳವ್ವನಿಗೆ ಆ ಹೊತ್ತಿನಲ್ಲಿ ಬಾಯಾರಿದೆ, ಮಗ್ಗುಲು ನೊಂದಿದೆ. ದಿನವೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತ ಮಲಗಿದ್ದಾಳೆ. ಗಂಡನ ಅಂಗೈಯಲ್ಲಿ ಲಿಂಗವಿದೆ, ಒತ್ತಬಾರದು. ಆ ಕಡೆಯ ದಿನವೂ ಅಷ್ಟೇ. ಎದೆಯಲ್ಲಿ ಏನಾಯಿತೋ, ಎಷ್ಟು ಹೊತ್ತು ಆಯಿತೋ, ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಒತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ಸೆಕೆಂಡಿಗಾಗಿ ಏಳು ವರ್ಷ ಸವೆಸಿದ ಮನುಷ್ಯನಿಗೆ ಆ ಮುಕ್ಕಾಲು ತಾಸು ಎಂದೂ ಕಂಡಿರಲಿಲ್ಲ. ಯಂತ್ರದ ತಪ್ಪಾಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಗ ಅನಿಸಿತು. ಯಂತ್ರವನ್ನಾದರೆ ತಿದ್ದಬಹುದಿತ್ತು.

ದೀಪಾಲಿ ಲ್ಯಾಪ್‌ಟಾಪು ಮುಚ್ಚಿದಳು. ಮೇಲೆ ಹೋಗಿ ತಾನೇ ಚಹಾ ಮಾಡಿ ತಂದು, ಅವನು ಕುಡಿಯುವವರೆಗೆ ಕೂತಿದ್ದು, ಸಂಜೆಯ ಬಸ್ಸಿಗೆ ಹೊರಟುಹೋದಳು. ಲೇಖನದ ಸುದ್ದಿ ಎತ್ತಲಿಲ್ಲ.

ಮರುದಿನ ಸವ್ವಾ ಆರಕ್ಕೆ ಗುರುಸಿದ್ಧಪ್ಪ ಪೂಜೆಗೆ ಕೂತ. ನಡುವೆಯೇ, ನಾಲ್ವತ್ತು ವರ್ಷದಲ್ಲಿ ಮೊದಲ ಸಲ, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು ಎದ್ದು ಮೇಲೆ ಹೋದ. ಹಾಸಿಗೆ ಖಾಲಿಯಿತ್ತು. ಸ್ವಲ್ಪ ಹೊತ್ತು ಅದರ ಅಂಚಿನಲ್ಲಿ ಕೂತಿದ್ದು ಕೆಳಗೆ ಬಂದ. ದಿನಾಲೂ ಹಾಗೇ ಮಾಡತೊಡಗಿದ. ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆ ವಾರವೇ ಸಲಗರೆಯಲ್ಲಿ ಒಂದು ಸೆಟ್ಟು ಕೂಡಿಸುವುದಿತ್ತು. ಕುರಿ ಸಾಕುವ ಜ್ಯೋತೆಪ್ಪನ ಮನೆ. ಹೆಂಡತಿ ಬೀರವ್ವನಿಗೂ ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು. ಮಾತು ಪೂರ್ತಿ ಹೋಗಿರಲಿಲ್ಲ, ತೊದಲುತ್ತಿದ್ದಳು. ಗುರುಸಿದ್ಧಪ್ಪ ಬಸ್ಸಿಳಿದು ಹೋಗಿ, ಮಂಚಕ್ಕೆ ಗುಂಡಿ ಕಟ್ಟಿ, ಜ್ಯೋತೆಪ್ಪನ ಕೊರಳಿಗೆ ಪರದೆ ಹಾಕಿದ. ಹೊರಗೆ ಬೇವಿನ ಗಿಡದ ಕೆಳಗೆ ಊರಿನ ನಾಲ್ಕು ಹಿರಿಯರು ಕೂತಿದ್ದರು. ಮದುಮಗನ ಠೀವಿಯಲ್ಲಿ ಜ್ಯೋತೆಪ್ಪ ಕೊರಳು ತೋರಿಸುತ್ತ ಅವರ ನಡುವೆ ಹೋಗಿ ಕೂತ. ಕುರಿ ಮಾತು, ಮೇವಿನ ಮಾತು ಶುರುವಾಯಿತು.

ಒಳಗೆ ಗುರುಸಿದ್ಧಪ್ಪ, “ಒಮ್ಮೆ ಒತ್ತಿ ನೋಡವಾ ತಂಗಿ,” ಎಂದ. ಬೀರವ್ವನ ತುಟಿ ಒಣಗಿತ್ತು. ಬೆರಳು ಗುಂಡಿಯ ಮೇಲೆ ಬಂತು. ಬಾಗಿಲಾಚೆ ಕೂತವರನ್ನು ನೋಡಿದ್ದೇ ಬೆರಳು ಹಿಂದೆ ಸರಿಯಿತು.

“ಯಾಕ? ನೀರ ಬೇಕಾಗಿಲ್ಲೇನು?”

“ಬೇಕ್ರಿ,” ಎಂದು ತೊದಲಿದಳು. “ಹಿರ್ಯಾರು… ಕುಂತಾರಲ್ರಿ. ಅವ್ರು ಹೋಗ್ಲಿ.”

ಗುರುಸಿದ್ಧಪ್ಪನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದ್ದರೆ ಅವನು ಹೇಳಲಾರದೆ ಹೋಗುತ್ತಿದ್ದ. ದಡದಡ ಹೊರಗೆ ಹೋಗಿ, ಹಿರಿಯರು ಬಾಯಿ ತೆರೆದು ನೋಡುತ್ತಿದ್ದಂತೆ ಜ್ಯೋತೆಪ್ಪನ ರಟ್ಟೆ ಹಿಡಿದು ಒಳಗೆ ಕರೆತಂದು ಮಂಚದ ಮುಂದೆ ನಿಲ್ಲಿಸಿದ.

“ಅಕಿಗೆ ಹೇಳ್ರಿ. ಯಾರ ಕುಂತಿದ್ರೂ, ನೀವು ಏನ ಮಾಡಾಕ ಹತ್ತಿದ್ರೂ, ಒತ್ತು ಅಂತ ಹೇಳ್ರಿ.”

ಜ್ಯೋತೆಪ್ಪ ನಾಚಿ ರುಮಾಲು ಸರಿಮಾಡಿಕೊಂಡ. “ಅದರಾಗ ಹೇಳೂದೇನೈತ್ರಿ ಮಾಲಕರ? ಅಕಿಗೆ ಗೊತ್ತೈತಿ.”

“ಗೊತ್ತಿರಂಗಿಲ್ಲ! ಬಾಯಿ ಬಿಟ್ಟು ಹೇಳ್ರಿ. ನೀವು ಹೇಳೂತನಕಾ ನಾ ಇಲ್ಲಿಂದ ಕದಲಂಗಿಲ್ಲ.”

ಹೊರಗೆ ಮಾತು ನಿಂತಿತ್ತು. ನಾಲ್ಕು ಜನ ಕೇಳುವ ಹಾಗೆ ಹೆಂಡತಿಯ ಜೊತೆ ಮೆತ್ತಗೆ ಮಾತಾಡಿ ಜ್ಯೋತೆಪ್ಪನಿಗೆ ರೂಢಿಯಿರಲಿಲ್ಲ. ಗೋಡೆ ನೋಡಿದ, ನೆಲ ನೋಡಿದ, ಕೊನೆಗೆ ಮಂಚದ ಕಾಲು ನೋಡುತ್ತ ಹೇಳಿದ: “ಯಾರರ ಇರಲಿ ಬೀರವ್ವಾ, ನಿನಗ ಬೇಕಾದಾಗ ಒತ್ತು. ಎಲ್ಲಾ ಬಿಟ್ಟು ಬರ್ತೇನಿ.”

ಬೀರವ್ವ ಒಳ್ಳೆಯ ಕೈಯಿಂದ ಸೆರಗೆಳೆದು ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕಣ್ಣು ತುಂಬಿದ್ದಂತೂ ನಿಜ. ಜ್ಯೋತೆಪ್ಪ ನೀರು ತರಲೆಂದು ಒಳಕೋಣೆಗೆ ಓಡಿದ. ಗುರುಸಿದ್ಧಪ್ಪ ಹತಾರಗಳನ್ನು ಚೀಲಕ್ಕೆ ತುಂಬತೊಡಗಿದಾಗ ಅವಳು ತಡೆತಡೆದು ಕೇಳಿದಳು.

“ಅಣ್ಣಾರ… ನಿಮ್ಮ ಮನ್ಯಾಗಿನವರಿಗೂ… ಹಿಂಗ ಹೇಳಿದ್ರೇನ್ರಿ?”

“ಇಲ್ಲ ತಂಗಿ,” ಎಂದ ಗುರುಸಿದ್ಧಪ್ಪ. “ಹೇಳಬೇಕು ಅನ್ನೂದ ನನಗ ಹೊಳೀಲಿಲ್ಲ.”